ಗಾಜಿನ ಕೆರೆ, ಊರ ಕೆರೆ

ಏಪ್ರಿಲ್ ತಿಂಗಳು ಬಂದೊಡನೆ ಶಾಲೆಗಳಿಗೆ ಬೇಸಿಗೆ ರಜೆಯ ಬೀಗ ಬೀಳುತ್ತದೆ. ಬೆಂಚು, ಕಪ್ಪುಹಲಗೆ, ಭೂಪಟಗಳು ಯಾರೂ ನೋಡದಿದ್ದರೂ ಜೂನ್‌ವರೆಗೆ ಹಾಗೆಯೇ ಇರುತ್ತವೆ. ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯಲ್ಲಿರುವ ಅಕ್ವೇರಿಯಂನ ಮೀನುಗಳು ಮಾತ್ರ ಹಾಗಿರಲಾರವು. ಅವುಗಳಿಗೆ ಆಹಾರ ಹಾಕುವವರು ಯಾರು, ನೀರು ಬದಲಿಸುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಕೊನೆಗೆ ಕರುಣೆಯುಳ್ಳ ವಿದ್ಯಾರ್ಥಿಯೊಬ್ಬ ಮೀನುಗಳನ್ನು ಬಕೆಟ್ಟಿಗೆ ತುಂಬಿಸಿಕೊಂಡು ಊರ ಕೆರೆಯ ಮೆಟ್ಟಿಲಿಗೆ ನಡೆಯುತ್ತಾನೆ. ಎಲ್ಲಿಯಾದರೂ ಬದುಕಿಕೊಳ್ಳಲಿ ಎಂದು ಬಕೆಟ್ಟನ್ನು ಬಗ್ಗಿಸುತ್ತಾನೆ. ಪುಣ್ಯದ ಕೆಲಸ ಮಾಡಿದ ಸಮಾಧಾನದಿಂದ ಮನೆಗೆ ಮರಳುತ್ತಾನೆ.

ಆ ಹುಡುಗನ ಮನಸ್ಸಿನಲ್ಲಿ ಕೇಡಿಲ್ಲ. ಆದರೆ ಅವನ ಬಕೆಟ್ಟಿನಿಂದ ಕೆರೆಗೆ ಬಂದ ಕೇಡನ್ನು ಮತ್ತೆ ಬಕೆಟ್ಟಿಗೆ ತುಂಬಿಸಿ ತೆಗೆಯಲು ಯಾರಿಗೂ ಸಾಧ್ಯವಿಲ್ಲ. ಶಾಲೆಗಳಲ್ಲಿ, ಮನೆಗಳಲ್ಲಿ, ಹೋಟೆಲುಗಳಲ್ಲಿ, ಹೋಂಸ್ಟೇಗಳಲ್ಲಿ ಗಾಜಿನ ತೊಟ್ಟಿಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಈ ವಿಷಯದ ಬಗ್ಗೆ ಗಂಭೀರವಾದ ಚಿಂತನೆ ನಡೆಯಬೇಕಾಗಿದೆ. ಅಕ್ವೇರಿಯಂ ಬೇಡವೆಂದು ಹೇಳುವುದು ಸುಲಭ. ಅದಕ್ಕಿಂತ ಮೇಲಾದ ದಾರಿಯೊಂದಿದೆ. ಗಾಜಿನ ತೊಟ್ಟಿಯನ್ನು ಊರ ಕೆರೆಯ ಒಂದು ಚಿಕ್ಕ ಪ್ರತಿರೂಪವಾಗಿ ಕಟ್ಟಬೇಕು, ಅದರಲ್ಲಿನ ಗಿಡವೂ ಮೀನೂ ಆಯಾ ಊರಿನ ನೀರಿನವೇ ಆಗಿರಬೇಕು, ಮತ್ತು ಒಮ್ಮೆ ತೊಟ್ಟಿಯೊಳಕ್ಕೆ ಹೋದ ಯಾವುದೂ ಎಂದಿಗೂ ಕೆರೆಗೆ ಮರಳಬಾರದು. ಈ ಕಟ್ಟಳೆಯನ್ನು ಪಾಲಿಸಿದರೆ ಅಕ್ವೇರಿಯಂ ಒಂದು ಪಾಠಶಾಲೆ. ಪಾಲಿಸದಿದ್ದರೆ ಅದು ಕೆರೆಯ ದಂಡೆಯಲ್ಲಿಟ್ಟ ವಿಷದ ಬಟ್ಟಲು.

ಮೂರು ಊರು, ಮೂರು ನೀರು

ಬೇಲೂರು, ಹಳೇಬೀಡು, ಅರಸೀಕೆರೆಗಳನ್ನು ಪ್ರವಾಸಿಗರು ಹೊಯ್ಸಳರ ಶಿಲ್ಪಕ್ಕಾಗಿ ನೆನೆಯುತ್ತಾರೆ. ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು 2023ರಲ್ಲಿ ಸೋಮನಾಥಪುರದೊಂದಿಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಆದರೆ ಈ ಮೂರು ಊರುಗಳನ್ನು ನೀರಿನ ಕಣ್ಣಿನಿಂದಲೂ ನೋಡಬೇಕು.

ಬೇಲೂರು ನದೀತೀರದ ಊರು. ಚಿಕ್ಕಮಗಳೂರು ಸೀಮೆಯ ಬೆಟ್ಟಗಳಲ್ಲಿ ಹುಟ್ಟುವ ಯಗಚಿಗೆ ಬೇಲೂರಿನ ಬಳಿ ಅಣೆಕಟ್ಟು ಕಟ್ಟಲಾಗಿದೆ. ಯಗಚಿಯು ಗೊರೂರಿನ ಸೀಮೆಯಲ್ಲಿ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿಯು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಹಳೇಬೀಡು ಕೆರೆಯ ಊರು. ಕೆರೆಯನ್ನೇ ಸಮುದ್ರವೆಂದು ಕರೆದು ಆ ಹೆಸರಿನಿಂದಲೇ ರಾಜಧಾನಿಯನ್ನು ಗುರುತಿಸಿದ ಕಾಲದ ದ್ವಾರಸಮುದ್ರ ಅದು. ಹೊಯ್ಸಳೇಶ್ವರ ದೇವಾಲಯದ ಅಧಿಷ್ಠಾನದ ಪಟ್ಟಿಕೆಗಳಲ್ಲಿ ಆನೆ, ಸಿಂಹ, ಕುದುರೆಗಳ ಜೊತೆಗೆ ಮಕರಗಳ ಸಾಲಿಗೂ ಹಂಸಗಳ ಸಾಲಿಗೂ ಶಿಲ್ಪಿಗಳು ಸ್ಥಾನ ಕೊಟ್ಟಿರುವುದು ಕೆರೆಯ ದಂಡೆಯ ಊರಿಗೆ ಒಪ್ಪುವಂತಿದೆ. ಅಲ್ಲಿಂದ ಮೂಡಣಕ್ಕೆ ಸಾಗಿದಂತೆ ಮಳೆ ಇಳಿಯುತ್ತದೆ, ಕಾಫಿ ಮರೆಯಾಗಿ ತೆಂಗು ಕಾಣಿಸಿಕೊಳ್ಳುತ್ತದೆ. ಅರಸೀಕೆರೆಯು ಅರಸಿಯ ಕೆರೆಯೆಂಬ ಹೆಸರನ್ನು ಹೊತ್ತಿದ್ದರೂ ಅಲ್ಲಿನ ಬದುಕು ಬಹುಮಟ್ಟಿಗೆ ಕೊಳವೆಬಾವಿಯ ಗಡಸು ನೀರನ್ನು ನಂಬಿದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೇಲೂರಿನ ಯಗಚಿಯ ನೀರು ಕಾವೇರಿಯ ಪಾಲು. ಬಾಣಾವರದ ಕಡೆಯ, ಅಂದರೆ ಅರಸೀಕೆರೆ ತಾಲ್ಲೂಕಿನ ಬಡಗಣ ಭಾಗದ ಹಳ್ಳಗಳ ನೀರು ವೇದಾವತಿಯ ಮೂಲಕ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ ಸಲ್ಲುತ್ತದೆ. ಬಸ್ಸಿನಲ್ಲಿ ಎರಡು ಗಂಟೆ ಹಿಡಿಯದ ಈ ದಾರಿಯಲ್ಲಿ ಒಂದು ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ದರೆ ಅದು ಒಂದು ನದೀಕೊಳ್ಳವನ್ನು ದಾಟಿ ಇನ್ನೊಂದಕ್ಕೆ ಕಾಲಿಟ್ಟಂತಾಗುತ್ತದೆ. ಪ್ರಕೃತಿಯಲ್ಲಿ ಆ ಮೀನು ಸಾವಿರಾರು ವರ್ಷಗಳಲ್ಲಿಯೂ ಮಾಡದ ಪ್ರಯಾಣ ಅದು.

ಹೊರಗಿನಿಂದ ಬಂದವು

ಕೆರೆಗಳಿಗೆ ಹೊರಗಿನ ಮೀನು ಬಿಡುವುದು ಅಕ್ವೇರಿಯಂ ಹವ್ಯಾಸಿಗಳಿಂದಲೇ ಆರಂಭವಾದುದಲ್ಲ. ಕೆರೆಗಳಲ್ಲಿ ಸಾಮಾನ್ಯವಾಗಿರುವ ಕಾಟ್ಲಾ, ರೋಹು, ಮೃಗಾಲ್‌ಗಳು ಗಂಗಾ ಬಯಲಿನಿಂದ ತಂದು ಬೆಳೆಸಿದವು. ಆಫ್ರಿಕಾ ಮೂಲದ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂತು. ಬೆಳ್ಳಿಗೆಂಡೆ, ಹುಲ್ಲುಗೆಂಡೆಗಳು 1959ರಲ್ಲಿ ಬಂದವು. ಆಹಾರದ ಕೊರತೆಯಿದ್ದ ಕಾಲದಲ್ಲಿ ಉತ್ಪಾದನೆಯೇ ಗುರಿಯಾಗಿತ್ತು. ಕೆರೆಯ ಮೂಲನಿವಾಸಿಗಳಾದ ಕಿರುಮೀನುಗಳಿಗೆ ಆಗ ಮೀನುಗಾರಿಕೆಯ ಪುಸ್ತಕಗಳಲ್ಲಿ ದೊರೆತ ಹೆಸರು ‘ಕಳೆಮೀನು’. ಮನೆಯ ಮಕ್ಕಳನ್ನೇ ಕಳೆಯೆಂದು ಕರೆದಂತಾಯಿತು.

ಆರೋಗ್ಯಕ್ಕಾಗಿಯೂ ಮೀನುಗಳು ಬಂದವು. ಸೊಳ್ಳೆಯ ಮರಿಗಳನ್ನು ತಿನ್ನುವ ಗ್ಯಾಂಬೂಸಿಯಾ 1928ರಲ್ಲಿ ಭಾರತವನ್ನು ಪ್ರವೇಶಿಸಿತು. ದಕ್ಷಿಣ ಅಮೆರಿಕದ ಗಪ್ಪಿ ಅದಕ್ಕಿಂತಲೂ ಮೊದಲೇ ಬಂದಿತ್ತು. ಕರ್ನಾಟಕದಲ್ಲಿ ಕೋಲಾರ, ಹಾಸನ ಜಿಲ್ಲೆಗಳ ಹಳ್ಳಿಗಳ ಬಾವಿಗಳಿಗೂ ಇಂಥ ಮೀನುಗಳನ್ನು ಬಿಟ್ಟು ಮಲೇರಿಯಾ ತಗ್ಗಿಸುವ ಕಾರ್ಯ ನಡೆದಿದೆ. ಅದರಿಂದ ಜನರಿಗೆ ಪ್ರಯೋಜನವಾದುದನ್ನು ಅಲ್ಲಗಳೆಯಲಾಗದು. ಆದರೆ ನಾಲ್ಕು ಗೋಡೆಯ ಬಾವಿಯಲ್ಲಿರುವ ಗಪ್ಪಿಗೂ ಹರಿಯುವ ಹಳ್ಳಕ್ಕೆ ಬಿದ್ದ ಗ್ಯಾಂಬೂಸಿಯಾಕ್ಕೂ ಅಂತರವಿದೆ. ಗ್ಯಾಂಬೂಸಿಯಾ ಸೊಳ್ಳೆಮರಿಯನ್ನಷ್ಟೇ ತಿಂದು ಸುಮ್ಮನಿರುವ ಮೀನಲ್ಲ. ಇತರ ಮೀನುಗಳ ರೆಕ್ಕೆಗಳನ್ನು ಕಚ್ಚುತ್ತದೆ, ಅವುಗಳ ಮೊಟ್ಟೆಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುತ್ತದೆ.

ಹೊರಗಿನದೆಂದರೆ ಹೊರದೇಶದ್ದೇ ಆಗಬೇಕಿಲ್ಲ ಎಂಬುದಕ್ಕೆ ಕಾವೇರಿಯ ಡುಬ್ಬದ ಮಹಶೀರ್ ಸಾಕ್ಷಿ. ಜಗತ್ತಿನಲ್ಲಿ ಕಾವೇರಿ ಕೊಳ್ಳವೊಂದರಲ್ಲಿಯೇ ಇರುವ ಈ ಭಾರಿ ಮೀನನ್ನು 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅದರ ಅವನತಿಗೆ ಅಣೆಕಟ್ಟು, ಸಿಡಿಮದ್ದಿನ ಬೇಟೆಗಳ ಜೊತೆಗೆ ಇನ್ನೊಂದು ಕಾರಣವನ್ನೂ ವಿಜ್ಞಾನಿಗಳು ಗುರುತಿಸಿದ್ದಾರೆ. ಕೃಷ್ಣಾ ಕೊಳ್ಳದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ಲೋಣಾವಳದಲ್ಲಿ ಬೆಳೆಸಿ ಕಾವೇರಿಗೆ ಬಿಡಲಾಯಿತು. ಸಂರಕ್ಷಣೆಯ ಸದುದ್ದೇಶದಿಂದಲೇ ಬಿಟ್ಟ ಮೀನು ಮನೆಯೊಡೆಯನ ಜಾಗವನ್ನು ಆಕ್ರಮಿಸಿತು. ಹಾಸನ ಜಿಲ್ಲೆಯದೇ ಆದ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ದೇವರ ಮೀನುಗಳೆಂದು ತಲೆತಲಾಂತರದಿಂದ ಕಾಯ್ದುಕೊಂಡು ಬಂದ ಜನರಿಗೆ ಈ ನಷ್ಟದ ಆಳ ಅರ್ಥವಾಗದಿರದು.

ಅಕ್ವೇರಿಯಂ ವ್ಯಾಪಾರವು ಈ ಪಟ್ಟಿಗೆ ಹೊಸ ಹೆಸರುಗಳನ್ನು ಸೇರಿಸುತ್ತಿದೆ. ಗಾಜು ಒರೆಸುವ ಮೀನೆಂದು ಅಂಗಡಿಗಳಲ್ಲಿ ಬೆರಳುದ್ದ ಇರುವಾಗ ಮಾರುವ ‘ಸಕ್ಕರ್’ ದಕ್ಷಿಣ ಅಮೆರಿಕದ್ದು. ಮೊಳದುದ್ದ ಬೆಳೆಯಬಲ್ಲ, ಕವಚದಂಥ ಮೈಯುಳ್ಳ ಈ ಮೀನು ದಂಡೆಯ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಕೇರಳ, ತಮಿಳುನಾಡು, ಆಂಧ್ರಪ್ರದೇಶ, ಪಶ್ಚಿಮ ಬಂಗಾಳಗಳ ನೀರಿನಲ್ಲಿ ಅದು ಈಗಾಗಲೇ ನೆಲೆಯೂರಿದೆ. ಮಣ್ಣಿನ ಏರಿಯನ್ನೇ ನಂಬಿರುವ ಕೆರೆಗೆ ಬಿಲ ತೋಡುವ ಮೀನು ಬಂದರೆ ಏನಾದೀತೆಂಬುದನ್ನು ಏರಿಯ ಕೆಳಗೆ ಗದ್ದೆಯುಳ್ಳ ಯಾವ ರೈತನಿಗೂ ವಿವರಿಸಬೇಕಾಗಿಲ್ಲ. 2018ರ ಪ್ರವಾಹದಲ್ಲಿ ಕೇರಳದ ಸಾಕಣೆಕೊಳಗಳು ಒಡೆದು ಅಮೆಝಾನ್ ನದಿಯ ಅರಪೈಮಾ ಮೀನು ಅಲ್ಲಿನ ನದಿಗಳಲ್ಲಿ ಬಲೆಗೆ ಬಿತ್ತು. 2023ರಲ್ಲಿ ಉತ್ತರ ಅಮೆರಿಕದ ಮೊಸಳೆಮೂತಿಯ ಗಾರ್ ಮೀನು ಶ್ರೀನಗರದ ದಾಲ್ ಸರೋವರದಲ್ಲಿ ಸಿಕ್ಕಿತು.

ಗಿಡಗಳ ಕಥೆಯೂ ಬೇರೆಯಲ್ಲ. ಇಂದು ಕೆರೆಗಳ ಉಸಿರು ಕಟ್ಟಿಸುತ್ತಿರುವ, ನೇರಳೆ ಹೂವಿನ ವಾಟರ್ ಹಯಸಿಂತ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲಂಕಾರದ ಗಿಡವಾಗಿಯೇ ಬಂಗಾಳಕ್ಕೆ ಬಂದಿತು. ಸಾಲ್ವಿನಿಯಾ ಕಳೆಯ ಹಾವಳಿಯನ್ನು ತಡೆಯಲು 1983ರಲ್ಲಿ ಬೆಂಗಳೂರಿನಲ್ಲಿ ಅದನ್ನು ಮಾತ್ರ ಮೇಯುವ ಒಂದು ಬಗೆಯ ಮೂತಿಹುಳುವನ್ನು ಬಿಡಬೇಕಾಯಿತು. ತೆಂಗಿನ ಕೆಂಪು ಮೂತಿಹುಳುವಿನಿಂದ ಕಂಗೆಟ್ಟ ಅರಸೀಕೆರೆಯ ಬೆಳೆಗಾರರು ಮೂತಿಹುಳುವೊಂದು ಉಪಕಾರಕ್ಕೆ ಬಂದ ಈ ಸಂಗತಿಯನ್ನು ಕೇಳಿ ಅಚ್ಚರಿಪಟ್ಟಾರು. ಅಕ್ವೇರಿಯಂಗಳಲ್ಲಿ ಸೊಗಸಾಗಿ ಕಾಣುವ ಕಬೊಂಬಾ ಗಿಡ 2020ರಲ್ಲಿ ಕೋಝಿಕೋಡ್ ಜಿಲ್ಲೆಯ ಆವಳ ಎಂಬಲ್ಲಿ ಹಳ್ಳದುದ್ದಕ್ಕೂ ಗುಲಾಬಿ ಹೂವಿನ ಹಾಸಿಗೆ ಹಾಸಿತು. ಅದನ್ನು ನೋಡಲು ಜನಜಾತ್ರೆಯೇ ನೆರೆಯಿತು. ಜಲಕಳೆಯೊಂದರ ವಿಜಯೋತ್ಸವವನ್ನು ತಾವು ನೋಡುತ್ತಿದ್ದೇವೆಂದು ಎಷ್ಟು ಮಂದಿಗೆ ತಿಳಿದಿತ್ತು?

ಹಳ್ಳ ಬರಿದಾಗುವ ಬಗೆ

ತೊಟ್ಟಿಯಿಂದ ಕೆರೆಗೆ ಹೋಗುವ ಕೇಡು ಒಂದಾದರೆ ಹಳ್ಳದಿಂದ ತೊಟ್ಟಿಗೆ ಬರುವ ಕೇಡು ಇನ್ನೊಂದು. ಪಶ್ಚಿಮಘಟ್ಟದ ಕೆಲವೇ ಹೊಳೆಗಳಲ್ಲಿರುವ, ಮೈಮೇಲೆ ಕೆಂಪು ಗೆರೆಯುಳ್ಳ ಒಂದು ಮೀನಿಗೆ ವ್ಯಾಪಾರಿಗಳು ‘ಮಿಸ್ ಕೇರಳ’ ಎಂದು ಹೆಸರಿಟ್ಟರು. 1997ರಲ್ಲಿ ಸಿಂಗಪುರದ ಅಲಂಕಾರಿಕ ಮೀನುಗಳ ಪ್ರದರ್ಶನದಲ್ಲಿ ಅದು ಬಹುಮಾನ ಪಡೆಯಿತು. ಅಲ್ಲಿಂದ ಅದಕ್ಕೆ ಕಷ್ಟಕಾಲ ಆರಂಭವಾಯಿತು. 2005ರಿಂದ 2012ರವರೆಗಿನ ಅವಧಿಯಲ್ಲಿ ಭಾರತದಿಂದ ಈ ಜಾತಿಯ 3 ಲಕ್ಷಕ್ಕೂ ಹೆಚ್ಚು ಮೀನುಗಳು ರಫ್ತಾದುದನ್ನು ಸಂಶೋಧಕರು ಲೆಕ್ಕಹಾಕಿದ್ದಾರೆ. ಇಂದು ಅದು ಅಪಾಯದಂಚಿನ ಜೀವಿ. ಘಟ್ಟದ ಹಳ್ಳಗಳಿಗೆ ಬಲೆ ಹಿಡಿದು ಬರುವವರು ಮೀನಿನ ಜೊತೆಗೆ ಕ್ರಿಪ್ಟೊಕೊರೈನ್, ಲಾಗೆನಾಂಡ್ರಾ ಮೊದಲಾದ ನೀರುಗಿಡಗಳನ್ನೂ ಬೇರುಸಹಿತ ಕೀಳುವುದುಂಟು. ಆದುದರಿಂದ ‘ದೇಶಿ ಮೀನು, ದೇಶಿ ಗಿಡ’ ಎಂಬ ಮಾತಿಗೂ ಒಂದು ಮಿತಿ ಬೇಕು. ಅಪರೂಪವಾದುದು ತನ್ನ ಹಳ್ಳದಲ್ಲಿಯೇ ಇರಲಿ. ತೊಟ್ಟಿಗೆ ಊರ ಕೆರೆಯಲ್ಲಿ ಧಾರಾಳವಾಗಿರುವ ಸಾಮಾನ್ಯ ಮೀನು ಸಾಕು.

ತಂದೆಯ ತೊಟ್ಟಿ, ಮಗನ ಮಣ್ಣು

ಇಷ್ಟೆಲ್ಲ ಅಪಾಯಗಳಿರುವಾಗ ಅಕ್ವೇರಿಯಂನ ಗೊಡವೆಯೇ ಏಕೆ ಎಂದು ಕೇಳಬಹುದು. ಇದಕ್ಕೆ ಉತ್ತರವಾಗಿ ಲಂಡನ್ನಿನ ಒಂದು ಪ್ರಸಂಗವನ್ನು ನೆನೆಯಬೇಕು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಗಾಜಿನ ಪಾತ್ರೆಯೊಂದರಲ್ಲಿ ಎರಡು ಮೀನು, ವ್ಯಾಲಿಸ್ನೇರಿಯಾ ಗಿಡ ಮತ್ತು ಕೆಲವು ಬಸವನಹುಳುಗಳನ್ನು ಇಟ್ಟ. ಗಿಡ ಮೀನಿಗೆ ಆಮ್ಲಜನಕ ಕೊಟ್ಟಿತು. ಮೀನಿನ ಹೊಲಸು ಗಿಡಕ್ಕೆ ಗೊಬ್ಬರವಾಯಿತು. ಕೊಳೆತ ಎಲೆಯನ್ನು ಹುಳು ತಿಂದಿತು. ನೀರು ತಿಂಗಳುಗಟ್ಟಲೆ ತಿಳಿಯಾಗಿ ಉಳಿಯಿತು.

ಅದೇ ಹೆಸರಿನ ಆತನ ಮಗ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನ ಅಧ್ಯಯನಕ್ಕೆ ತೊಡಗಿದ. ಮಣ್ಣಿನಲ್ಲಿ ಅಮೋನಿಯಾ ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಎರಡು ಹಂತಗಳಲ್ಲಿ ಬದಲಾಗುತ್ತದೆಂದೂ ಇದು ಸೂಕ್ಷ್ಮಜೀವಿಗಳ ಕೆಲಸವೆಂದೂ ತೋರಿಸಿದವರಲ್ಲಿ ಆತ ಪ್ರಮುಖ. ಅನಂತರ ವಿನೊಗ್ರಾಡ್‌ಸ್ಕಿ ಎಂಬ ರಷ್ಯದ ವಿಜ್ಞಾನಿ ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದ. ಗದ್ದೆಗೆ ಹಾಕಿದ ಯೂರಿಯಾ, ಕೊಟ್ಟಿಗೆಯ ಗಂಜಲ, ಮೀನಿನ ಹೊಲಸು ಈ ಮೂರಕ್ಕೂ ದಾರಿ ಒಂದೇ. ತಂದೆ ತೊಟ್ಟಿಯಲ್ಲಿ ಕಂಡ ಸಮತೋಲನದ ಗುಟ್ಟನ್ನು ಮಗ ಮಣ್ಣಿನಲ್ಲಿ ಬಿಡಿಸಿದ. ಹಾಗಿದ್ದಲ್ಲಿ ರೈತನ ಮಗಳು ಹೊಲದ ಮಣ್ಣನ್ನು ತಿಳಿಯಲು ಶಾಲೆಯ ಗಾಜಿನ ತೊಟ್ಟಿಗಿಂತ ಒಳ್ಳೆಯ ಕಿಟಕಿ ಯಾವುದಿದೆ? ಕೆರೆಗೆ ಚರಂಡಿ ಸೇರಿದಾಗ ಮೀನು ಏಕೆ ಸಾಯುತ್ತದೆಂಬುದನ್ನು ಕೆರೆಯ ದಂಡೆಯಲ್ಲಿ ನಿಂತು ಹೇಳಿದರೆ ಅದು ಭಾಷಣವಾದೀತು. ತೊಟ್ಟಿಯ ಮುಂದೆ ಅದು ಕಣ್ಣಿಗೆ ಕಾಣುವ ಪಾಠ.

ತೊಟ್ಟಿ ಕಟ್ಟುವ ಕ್ರಮ

60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿ ಆರಂಭಕ್ಕೆ ತಕ್ಕದ್ದು. ಮಣ್ಣು, ಕಲ್ಲುಗಳ ಜಾಗ ಕಳೆದರೆ ಅದರಲ್ಲಿ 40ರಿಂದ 45 ಲೀಟರ್ ನೀರು ನಿಲ್ಲುತ್ತದೆ. ತೊಟ್ಟಿಯ ಒಟ್ಟು ಭಾರ 60 ಕಿಲೋಗೂ ಹೆಚ್ಚಾಗುವುದರಿಂದ ಅಲುಗಾಡುವ ಮೇಜು ಆಗದು, ಕಲ್ಲಿನ ಅಥವಾ ಸಿಮೆಂಟಿನ ಕಟ್ಟೆಯೇ ಬೇಕು. ನೇರ ಬಿಸಿಲು ಬೀಳುವಲ್ಲಿ ಇಟ್ಟರೆ ಪಾಚಿಯ ಕಾಟ. ಗಾಜು ಕೊಳ್ಳಲಾಗದವರು ಹಿತ್ತಿಲಲ್ಲಿ ಬಿದ್ದಿರುವ ಹಳೆಯ ಕಲ್ಲುಬಾನಿಯನ್ನು ತೊಳೆದು ಬಳಸಬಹುದು. ನೋಟ ಮೇಲಿನಿಂದಷ್ಟೇ ಸಿಕ್ಕರೂ ಪಾಠ ಕಡಿಮೆಯಾಗದು.

ತಳಕ್ಕೆ 3 ಸೆಂ.ಮೀ.ಯಷ್ಟು ಜರಡಿ ಹಿಡಿದ ಮಣ್ಣನ್ನು ಹಾಸಬೇಕು. ಗೊಬ್ಬರವಾಗಲಿ ಕೀಟನಾಶಕವಾಗಲಿ ಬೀಳದ ಜಾಗದ ಮಣ್ಣೇ ಆಗಿರಬೇಕು. ಶುಂಠಿ, ಆಲೂಗಡ್ಡೆ ಬೆಳೆದ ಹೊಲದ ಮಣ್ಣು ಬೇಡ. ಅದರ ಮೇಲೆ 3ರಿಂದ 4 ಸೆಂ.ಮೀ. ದಪ್ಪಕ್ಕೆ ಚೆನ್ನಾಗಿ ತೊಳೆದ ನುರುಜುಗಲ್ಲು ಹಾಸಬೇಕು. ಇದಕ್ಕಾಗಿ ಹೊಳೆಯ ಮರಳು ಬಗೆಯಬೇಕಾಗಿಲ್ಲ, ಮನೆ ಕಟ್ಟುವಲ್ಲಿ ಮರಳು ಜರಡಿಯಾಡಿದಾಗ ಉಳಿಯುವ ಸಣ್ಣ ಕಲ್ಲು ಸಾಕು. ನೀರು ಹುಯ್ಯುವಾಗ ಮಣ್ಣು ಕದಡದಂತೆ ತಟ್ಟೆಯೊಂದನ್ನು ಇಟ್ಟು ಅದರ ಮೇಲೆ ನಿಧಾನವಾಗಿ ಹುಯ್ಯಬೇಕು.

ಯಾವ ನೀರು ಎಂಬುದು ಊರಿನಿಂದ ಊರಿಗೆ ಬೇರೆ. ನಲ್ಲಿಯ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಿದ್ದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು. ಅರಸೀಕೆರೆಯ ಕೊಳವೆಬಾವಿಯ ಗಡಸು ನೀರಿಗೆ ಸೂರಿನ ಮಳೆನೀರನ್ನು ಅರ್ಧದಷ್ಟು ಬೆರೆಸುವುದು ಒಳ್ಳೆಯದು. ಮೊದಲ ಮಳೆಯ ನೀರನ್ನು ಬಿಟ್ಟು ಆಮೇಲಿನದನ್ನು ಹಿಡಿಯಬೇಕು. ಮಳೆನೀರು ಸಿಗದಿದ್ದರೂ ನಿರಾಶೆ ಬೇಡ. ವ್ಯಾಲಿಸ್ನೇರಿಯಾ, ಹೈಡ್ರಿಲಾಗಳು ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದಲೇ ಇಂಗಾಲವನ್ನು ಪಡೆದು ಬೆಳೆಯಬಲ್ಲವು. ನೀರಿಗೆ ತಕ್ಕ ಗಿಡವನ್ನು ಆರಿಸುವುದು, ಮಣ್ಣಿಗೆ ತಕ್ಕ ಬೆಳೆಯನ್ನು ಆರಿಸಿದಷ್ಟೇ ಸಹಜವಾದ ವಿವೇಕ.

ಗಿಡಗಳನ್ನು ಊರ ಕೆರೆಯಿಂದಲೇ ತರಬೇಕು. ರಿಬ್ಬನ್ನಿನಂಥ ಎಲೆಯ ವ್ಯಾಲಿಸ್ನೇರಿಯಾ ಹಿಂಬದಿಗೆ, ಹೈಡ್ರಿಲಾ ಮತ್ತು ಬೇರಿಲ್ಲದೆ ತೇಲುವ ಸೆರಾಟೊಫಿಲಂ ಬದಿಗಳಿಗೆ, ನುಣುಪಾದ ಎಲೆಗಳ ಲಿಮ್ನೊಫಿಲಾ ನಡುವಿಗೆ ಒಪ್ಪುತ್ತವೆ. ತಿಳಿಗುಲಾಬಿ ಬಣ್ಣ ಬರುವಷ್ಟೇ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ತೊಳೆದು ನೆಡಬೇಕು. ಮೊದಲ ದಿನವೇ ತೊಟ್ಟಿಯ ಮುಕ್ಕಾಲು ಭಾಗಕ್ಕೆ ಗಿಡ ತುಂಬಿದರೆ ಪಾಚಿಗೆ ಅವಕಾಶ ಸಿಗದು. ದಿನಕ್ಕೆ 8 ಗಂಟೆ ಒಂದು ಚಿಕ್ಕ ಎಲ್.ಇ.ಡಿ. ದೀಪದ ಬೆಳಕು ಸಾಕು.

ಇಷ್ಟಾದ ಮೇಲೆ ಮಾಡಬೇಕಾದ ಅತ್ಯಂತ ಕಷ್ಟದ ಕೆಲಸವೆಂದರೆ ಕಾಯುವುದು. ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳು ನೆಲೆಯೂರಲು 4ರಿಂದ 6 ವಾರ ಬೇಕು. ಈ ಅವಧಿಯಲ್ಲಿ ಚಿಟಿಕೆ ಮೀನಿನ ಆಹಾರವನ್ನು ನೀರಿಗೆ ಉದುರಿಸುತ್ತಿದ್ದರೆ ಅದು ಕೊಳೆತು ಅವುಗಳಿಗೆ ಅಮೋನಿಯಾ ಒದಗುತ್ತದೆ. ತೊಟ್ಟಿ ತಂದ ದಿನವೇ ಮೀನು ಬಿಟ್ಟು, ವಾರದೊಳಗೆ ಅವು ಸತ್ತು, ‘ಈ ನೀರು ಆಗಿಬರುವುದಿಲ್ಲ’ ಎಂದು ತೊಟ್ಟಿಯನ್ನು ಅಟ್ಟಕ್ಕೆ ಹಾಕುವವರೇ ಹೆಚ್ಚು. ಅಲ್ಲಿ ತಪ್ಪಿದುದು ನೀರಲ್ಲ, ತಾಳ್ಮೆ.

ಮೀನು ಬಿಡುವ ಕ್ರಮ

ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ಪಡೆದವರ ಬಲೆಯಲ್ಲಿ ಬೆಲೆಯಿಲ್ಲದ ಕಿರುಮೀನುಗಳು ಯಾವಾಗಲೂ ಇರುತ್ತವೆ. ಅವರನ್ನು ಕೇಳಿ ಹತ್ತಾರನ್ನು ಪಡೆಯುವುದರಿಂದ ಕೆರೆಗೆ ನಷ್ಟವಿಲ್ಲ. ಹಲವು ಊರುಗಳಲ್ಲಿ ಪಕ್ಕೆಯೆಂದು ಕರೆಯುವ ಪುಂಟಿಯಸ್, ಪೆಥಿಯಾ ಕುಲದ ಮೀನುಗಳು, ಮೈಯುದ್ದಕ್ಕೂ ಕಪ್ಪು ಗೆರೆಯುಳ್ಳ ರಾಸ್ಬೋರಾ, ನೀರಿನ ಮೇಲ್ಮೈಯಲ್ಲಿ ಸುಳಿಯುವ, ನೆತ್ತಿಯ ಮೇಲೆ ಬೆಳ್ಳಿಚುಕ್ಕೆಯುಳ್ಳ ಆಪ್ಲೊಕೈಲಸ್, ತಳದ ಮಣ್ಣು ಕೆದಕುವ ಚಿಕ್ಕ ಲೋಚ್ ಇವೆಲ್ಲ ಒಂದೇ ತೊಟ್ಟಿಯಲ್ಲಿ ಹೊಂದಿಕೊಳ್ಳಬಲ್ಲವು. ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆ ನೆಲೆ ಹಿಡಿಯುವುದರಿಂದ ಜಗಳ ಕಡಿಮೆ. ಮೇಲೆ ಹೇಳಿದ ಅಳತೆಯ ತೊಟ್ಟಿಗೆ 6ರಿಂದ 8 ಪಕ್ಕೆ ಅಥವಾ ರಾಸ್ಬೋರಾ, 2 ಆಪ್ಲೊಕೈಲಸ್, 2 ಲೋಚ್ ಮೀರಬಾರದು. ಅವನ್ನೂ ಒಮ್ಮೆಗೇ ಬಿಡದೆ ಮೊದಲು ನಾಲ್ಕೈದು, ಎರಡು ವಾರಗಳ ಅನಂತರ ಉಳಿದವು ಎಂಬಂತೆ ಬಿಡಬೇಕು. ಆಪ್ಲೊಕೈಲಸ್ ಸೊಳ್ಳೆಮರಿಗಳನ್ನು ತಿನ್ನುವುದರಲ್ಲಿ ನಿಪುಣ. ಸ್ವಂತ ಕೆರೆಯಲ್ಲಿಯೇ ಇಂಥ ಕಾವಲುಗಾರನಿರುವುದನ್ನು ಮಕ್ಕಳು ಕಣ್ಣಾರೆ ಕಾಣಲಿ. ಜಿಗಿಯುವ ಸ್ವಭಾವ ಅದಕ್ಕಿರುವುದರಿಂದ ತೊಟ್ಟಿಗೆ ಮುಚ್ಚಳ ಅಗತ್ಯ. ಕೊರವ ಮೀನಿನ ಮರಿ ನೋಡಲು ಚೆಂದವಾದರೂ ಬೆಳೆದಂತೆ ಉಳಿದೆಲ್ಲವನ್ನೂ ನುಂಗುತ್ತದೆ, ಅದು ಬೇಡ.

ಊರ ಮೀನಿಗೆ ಊರ ಚಳಿ ಗೊತ್ತು. ಬೇಲೂರಿನ ಡಿಸೆಂಬರ್ ರಾತ್ರಿಗಳಲ್ಲಿ ಅಂಗಡಿಯ ಮೀನಿಗೆ ಹೀಟರ್ ಬೇಕಾದೀತು, ಯಗಚಿಯ ಮೀನಿಗೆ ಬೇಕಿಲ್ಲ. ಗಿಡ ಹೆಚ್ಚು, ಮೀನು ಕಡಿಮೆ ಇರುವ ತೊಟ್ಟಿಯು ಗಂಟೆಗಟ್ಟಲೆ ವಿದ್ಯುತ್ ಹೋದರೂ ಉಸಿರುಗಟ್ಟುವುದಿಲ್ಲ. ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಆಹಾರ ಹಾಕಬೇಕು. ವಾರಕ್ಕೊಮ್ಮೆ 10 ಲೀಟರ್‌ನಷ್ಟು ನೀರು ತೆಗೆದು ಹೊಸ ನೀರು ತುಂಬಬೇಕು. ತೆಗೆದ ನೀರು ನೈಟ್ರೇಟ್ ತುಂಬಿದ ದ್ರವಗೊಬ್ಬರ. ಅದನ್ನು ಚರಂಡಿಗೆ ಚೆಲ್ಲದೆ ಕೈತೋಟದ ಒಣ ಮಣ್ಣಿಗೆ ಹುಯ್ಯಬೇಕು. ಮೊಟ್ಟೆ, ಗಿಡದ ತುಣುಕು, ಹುಳು ಏನಿದ್ದರೂ ಅಲ್ಲಿಯೇ ಮಣ್ಣಾಗುತ್ತದೆ. ಒಂದು ಎಚ್ಚರಿಕೆ: ಸೊಳ್ಳೆ ಓಡಿಸುವ ಮ್ಯಾಟ್, ದ್ರಾವಣ, ಬತ್ತಿಗಳಲ್ಲಿರುವ ಪೈರೆಥ್ರಾಯ್ಡ್ ವಿಷ ಮೀನಿಗೆ ಮಾರಕ. ತೊಟ್ಟಿಯಿರುವ ಕೋಣೆಯಲ್ಲಿ ಅವನ್ನು ಬಳಸಬಾರದು. ಕೆರೆಯ ಬದಿಯ ಹೊಲದಲ್ಲಿ ಅದೇ ವರ್ಗದ ಔಷಧ ಸಿಂಪಡಿಸಿದರೆ ಏನಾಗುತ್ತದೆಂಬ ಪ್ರಶ್ನೆ ವಿದ್ಯಾರ್ಥಿಗಳಲ್ಲಿ ತಾನಾಗಿಯೇ ಹುಟ್ಟೀತು.

ಎರಡು ಆಕ್ಷೇಪಗಳು

ಕೆರೆಯ ಮೀನಿಗೆ ಬಣ್ಣವಿಲ್ಲ, ಮಕ್ಕಳಿಗೆ ರುಚಿಸದು ಎಂಬುದು ಮೊದಲ ಆಕ್ಷೇಪ. ಬಲೆಯಲ್ಲಿ ಒದ್ದಾಡುವಾಗ ಬಿಳಚಿದಂತೆ ತೋರುವ ಪಕ್ಕೆ, ಹಸಿರು ಗಿಡಗಳ ನಡುವೆ ನಾಲ್ಕು ವಾರ ನೆಮ್ಮದಿಯಿಂದಿದ್ದರೆ ತನ್ನ ನಿಜವಾದ ಬಣ್ಣವನ್ನು ತೋರುತ್ತದೆ. ಅದನ್ನು ನೋಡದೆ ಬಣ್ಣವಿಲ್ಲವೆನ್ನುವುದು ಸರಿಯಲ್ಲ. ಅಷ್ಟಾಗಿಯೂ ಅಂಗಡಿಯ ಗಪ್ಪಿ, ಗೋಲ್ಡ್‌ಫಿಶ್ ಸಾಕುವವರಿರುತ್ತಾರೆ. ಸಾಕಲಿ. ಆದರೆ ಕೊಳ್ಳುವ ದಿನವೇ, ಸಾಕಲಾಗದಿದ್ದರೆ ಅದನ್ನು ಯಾರಿಗೆ ಒಪ್ಪಿಸುವುದೆಂದು ನಿಶ್ಚಯಿಸಿಕೊಳ್ಳಲಿ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಹರಿದಾಡುವ ಜೀವವನ್ನು ಗಾಜಿನೊಳಗೆ ಕೂಡಿಹಾಕುವ ಹಕ್ಕು ಮನುಷ್ಯನಿಗೆ ಎಲ್ಲಿಯದು? ಈ ಪ್ರಶ್ನೆಗೆ ಪೂರ್ಣವಾದ ಉತ್ತರವಿಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಯಾವ ತೊಟ್ಟಿಯೂ ಕೆರೆಯಾಗಲಾರದು. ಈ ಅಳುಕು ಇರುವವರು ಮೀನಿಲ್ಲದೆಯೇ, ಗಿಡ ಮತ್ತು ಬಸವನಹುಳುಗಳಷ್ಟೇ ಇರುವ ತೊಟ್ಟಿಯನ್ನು ಕಟ್ಟಬಹುದು. ಅದೂ ಒಂದು ಸಂಪೂರ್ಣ ಪಾಠವೇ. ಆದರೆ ಒಂದು ಮಾತನ್ನು ಮರೆಯಬಾರದು. ಕೆರೆಯ ಒಳಗೆ ಏನಿದೆಯೆಂದು ಎಂದೂ ನೋಡದ ಪೀಳಿಗೆ ಆ ಕೆರೆ ಬಡಾವಣೆಯಾಗುವಾಗ ಬಾಯಿ ತೆರೆಯುವುದಿಲ್ಲ. ಹತ್ತು ಮೀನುಗಳ ಸೆರೆಯಿಂದ ಒಂದು ಕೆರೆಯನ್ನು ಕಾಯುವ ನೂರು ಮಂದಿ ಹುಟ್ಟುವುದಾದರೆ ಆ ಋಣವನ್ನು ಹೊರುವುದಕ್ಕೆ ಅರ್ಥವಿದೆ.

ಆಗಬೇಕಾದ ಕೆಲಸ

ಜೀವವೈವಿಧ್ಯ ಅಧಿನಿಯಮ, 2002ರ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆಯನ್ನು ಅದು ಸಿದ್ಧಪಡಿಸಬೇಕು. ಆ ದಾಖಲೆಯಲ್ಲಿ ಮರ, ಔಷಧಿ ಗಿಡಗಳಿಗೆ ಸಿಗುವ ಜಾಗ ಕೆರೆಯ ಕಿರುಮೀನಿಗೂ ಸಿಗಬೇಕು. ಶಾಲೆಯ ಇಕೋ ಕ್ಲಬ್‌ಗಳು ಈ ಕೆಲಸವನ್ನು ವಹಿಸಿಕೊಳ್ಳಬಹುದು. ಮೀನುಗಾರರನ್ನೂ ಹಿರಿಯರನ್ನೂ ಕೇಳಿ ಪ್ರತಿಯೊಂದು ಮೀನಿನ ಊರಹೆಸರು, ಕಾಣಿಸುವ ಕಾಲ, ಹಿಂದೆ ಇದ್ದು ಈಗ ಕಾಣದಾದವು ಇವನ್ನೆಲ್ಲ ಬರೆದಿಡಬೇಕು. ಹೆಸರು ಅಳಿದ ಮೀನು ಅಳಿದರೂ ಯಾರಿಗೂ ತಿಳಿಯುವುದಿಲ್ಲ.

ಎರಡನೆಯದಾಗಿ, ಅಕ್ವೇರಿಯಂ ಇರುವ ಪ್ರತಿಯೊಂದು ಶಾಲೆಯೂ ರಜೆಯ ಹೊಣೆಯನ್ನು ಮಾರ್ಚ್ ತಿಂಗಳಲ್ಲಿಯೇ ಹಂಚಿಕೊಡಬೇಕು. ಬೆಳೆದ ಮೀನು ಒಂದು ವಾರ ಆಹಾರವಿಲ್ಲದೆ ಇರಬಲ್ಲದು. ಹೀಗಾಗಿ ವಾರಕ್ಕೊಬ್ಬರ ಸರದಿಯೇ ಸಾಕಾಗುತ್ತದೆ. ಮೂರನೆಯದಾಗಿ, ಬೇಡವಾದ ಮೀನನ್ನು ಮರಳಿ ಪಡೆಯುವಂತೆ ಮಾರಾಟಗಾರರನ್ನು ಒಪ್ಪಿಸಬೇಕು. ಅದಾಗದಿದ್ದಲ್ಲಿ ಯಾವ ಹಳ್ಳಕ್ಕೂ ಚರಂಡಿಗೂ ಸೇರದ, ಮಳೆಗೆ ತುಂಬಿ ಹರಿಯದ ಸಿಮೆಂಟು ತೊಟ್ಟಿಯೊಂದನ್ನು ಪಂಚಾಯಿತಿಯೇ ಕಟ್ಟಿಸಬಹುದು. ನಾಲ್ಕನೆಯದಾಗಿ, ಕೆರೆ, ಕಲ್ಯಾಣಿ, ಪುಷ್ಕರಣಿಗಳ ಮೆಟ್ಟಿಲ ಬಳಿ ಮೀನು ಬಿಡಬಾರದೆಂಬ ಫಲಕ ಇರಬೇಕು. ಹರಕೆಗೆ ಮೀನು ಬಿಡುವ ಭಕ್ತರಿಗೆ ಅದರ ಕಾರಣವನ್ನು ಗೌರವದಿಂದ ತಿಳಿಸಬೇಕು.

ಮುಂದಿನ ಏಪ್ರಿಲ್‌ನಲ್ಲಿಯೂ ಶಾಲೆಗೆ ಬೀಗ ಬೀಳುತ್ತದೆ. ಆ ಹುಡುಗ ಮತ್ತೆ ಬಕೆಟ್ಟು ಹಿಡಿದು ಹೊರಡುತ್ತಾನೆ. ಅವನ ಕರುಣೆ ಹಾಗೆಯೇ ಇರಲಿ, ದಾರಿಯೊಂದು ಬದಲಾಗಲಿ. ಮೀನುಗಳು ಶಾಲೆಯ ಹಿತ್ತಿಲ ಕಲ್ಲುಬಾನಿಗೆ ಹೋಗಲಿ, ಬಕೆಟ್ಟಿನಲ್ಲಿ ಉಳಿದ ನೀರು ಬಾಳೆಯ ಬುಡಕ್ಕೆ ಬೀಳಲಿ. ದ್ವಾರಸಮುದ್ರದ ಕೆರೆಯಲ್ಲಿ ಆ ಸಂಜೆ ಪಕ್ಕೆಮೀನು ಎಂದಿನಂತೆ ನೀರಿನಿಂದ ಮೇಲಕ್ಕೆ ಚಿಮ್ಮಿ ಬೀಳಲಿ.